ಕಲಗಚ್ಚಿಗೊಂದು ಬಾಯಿ

ಜುಲೈ ತಿಂಗಳಲ್ಲಿ ನಮ್ಮ ಮನೆಯ ಒಲೆ ಕೆಮ್ಮುತ್ತದೆ. ಬೆಳಗ್ಗೆ ಐದೂವರೆಗೆ ಹಾಲಿಟ್ಟು ಕಡ್ಡಿ ಗೀರಿದರೆ ಫಕ್ಕೆಂದು ಎದ್ದ ಉರಿ ಅರ್ಧಕ್ಕೆ ಕುಸಿಯುತ್ತದೆ, ಮತ್ತೆ ಏಳುತ್ತದೆ, ಮತ್ತೆ ಕುಸಿಯುತ್ತದೆ. ಮದುವೆಯಾಗಿ ಬಂದ ಮೊದಲ ವರ್ಷ ನಾನು ಬರ್ನರಿಗೆ ಬೈದಿದ್ದೆ. ಈಗ ಸುಮ್ಮನೆ ಹಾಲು ಇಳಿಸಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಚ್ಚಲಿನ ಹಿಂದಕ್ಕೆ ಹೋಗುತ್ತೇನೆ. ಗ್ಯಾಸ್ ಪೈಪು ಎಲ್ಲಕ್ಕಿಂತ ತಗ್ಗಿಗೆ ಇಳಿದು ಮತ್ತೆ ಮೇಲೇರುವ ಜಾಗದಲ್ಲಿ ಅಲ್ಲೊಂದು ಚಿಕ್ಕ ನಲ್ಲಿ ಇದೆ. ತಿರುಗಿಸಿದರೆ ಒಂದು ಲೋಟದಷ್ಟು ನೀರು ಬುಳಬುಳನೆ ಬೀಳುತ್ತದೆ, ಅದರ ಹಿಂದೆಯೇ ಕೊಳೆತ ಮೊಟ್ಟೆಯ ವಾಸನೆ. ನಲ್ಲಿ ಮುಚ್ಚಿ ಬಂದರೆ ಉರಿ ನೆಟ್ಟಗೆ ನಿಲ್ಲುತ್ತದೆ. ಸಗಣಿ ಗುಂಡಿಯಿಂದ ಗ್ಯಾಸ್ ಒದ್ದೆಯಾಗಿ ಹೊರಡುತ್ತದೆ. ಕೊಡಗಿನ ಶಾಂತಳ್ಳಿ ಕಡೆಯ ಮಳೆಗಾಲದ ಚಳಿಗೆ ಪೈಪಿನೊಳಗೇ ಬೆವರಿ ನೀರಾಗುತ್ತದೆ. ಸಮಾಚಾರ ಅಷ್ಟೇ. ಇದು ತಿಳಿಯಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಅತ್ತೆಗೆ ಮೊದಲೇ ಗೊತ್ತಿತ್ತು. ಹೊಸ ಸೊಸೆಯ ಬಿಗುಮಾನಕ್ಕೆ ನಾನೇ ಕೇಳಿರಲಿಲ್ಲ.

ನಮ್ಮೂರಲ್ಲಿ ಇದಕ್ಕೆ ಗೊಬ್ಬರ್ ಗ್ಯಾಸ್ ಅನ್ನುತ್ತಾರೆ. ಹಿಂದಿಯವರ ಗೋಬರ್ ಅಂದರೆ ಸಗಣಿ; ನಮ್ಮವರು ಅದಕ್ಕೊಂದು ಒತ್ತು ಕೊಟ್ಟು ಗೊಬ್ಬರ ಮಾಡಿಕೊಂಡರು. ನನ್ನ ಕೇಳಿದರೆ ನಮ್ಮದೇ ಸರಿ, ಕೊನೆಗೆ ಕೈಯಲ್ಲಿ ಉಳಿಯುವುದು ಗೊಬ್ಬರವೇ. ಸರ್ಕಾರಿ ಕಾಗದದಲ್ಲಿ ಅದು ‘ಜೈವಿಕ ಅನಿಲ ಸ್ಥಾವರ’. ಅತ್ತೆಯ ಬಾಯಲ್ಲಿ ಬರೀ ‘ಗುಂಡಿ’. ಬೆಳಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಒಳಗೆ ಬಂದವರನ್ನು ಅವರು ಕೇಳುತ್ತಿದ್ದ ಮೊದಲ ಮಾತು, ‘ಗುಂಡಿಗೆ ಊಟ ಆಯ್ತಾ?’

ನಮ್ಮ ಗುಂಡಿ ಕಟ್ಟಿದ್ದು 1989ರಲ್ಲಿ, ನಾನು ಈ ಮನೆಗೆ ಬರುವ ಮೊದಲು. 1981-82ರಿಂದ ಕೇಂದ್ರ ಸರ್ಕಾರದ ಬಯೋಗ್ಯಾಸ್ ಯೋಜನೆ ಶುರುವಾಗಿ ಹಳ್ಳಿ ಹಳ್ಳಿಗೆ ಸಬ್ಸಿಡಿ ಬರುತ್ತಿದ್ದ ಕಾಲ. ಅದಕ್ಕಿಂತ ಮುಂಚೆ ಇದ್ದದ್ದು ಖಾದಿ ಆಯೋಗದವರ ಮಾದರಿ: ಬಾವಿಯಂಥ ಗುಂಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು, ಗ್ಯಾಸ್ ತುಂಬಿದಂತೆ ಮೇಲೇಳುತ್ತದೆ, ಉರಿಸಿದಂತೆ ಇಳಿಯುತ್ತದೆ. ನೋಡಲು ಚಂದ. ಎಷ್ಟು ಗ್ಯಾಸ್ ಇದೆ ಎಂದು ಅಂಗಳದಲ್ಲಿ ನಿಂತೇ ಹೇಳಬಹುದು. ಆದರೆ ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣಕ್ಕೆ ಆಯಸ್ಸಿಲ್ಲ. ಮಾವ ಹಾಕಿಸಿದ್ದು 1984ರಲ್ಲಿ ಬಂದ ದೀನಬಂಧು ಮಾದರಿ. ಇಟ್ಟಿಗೆ, ಸಿಮೆಂಟಿನದು, ಪೂರ್ತಿ ನೆಲದೊಳಗೆ, ಮಡಕೆಯೊಂದನ್ನು ಹೂತ ಹಾಗೆ. ಈ ಕಡೆ ಸಗಣಿ ಕಲಸುವ ತೊಟ್ಟಿ, ಆ ಕಡೆ ಬಗ್ಗಡ ಹೊರಬರುವ ತೊಟ್ಟಿ, ನಡುವೆ ನೆತ್ತಿಯಲ್ಲಿ ಒಂದು ಪೈಪು. ತಿರುಗುವ, ಏಳುವ, ಸವೆಯುವ ಯಾವ ಭಾಗವೂ ಇಲ್ಲ. ಡೋಮಿನೊಳಗೆ ಗ್ಯಾಸ್ ಕೂಡಿದಂತೆ ಬಗ್ಗಡವನ್ನು ಒತ್ತಿ ಹೊರತೊಟ್ಟಿಗೆ ಏರಿಸುತ್ತದೆ. ನಾವು ಒಲೆ ಹಚ್ಚಿದರೆ ಆ ಬಗ್ಗಡದ ಭಾರವೇ ಗ್ಯಾಸನ್ನು ಅಡುಗೆಮನೆಗೆ ತಳ್ಳುತ್ತದೆ. ಗ್ಯಾಸ್ ಎಷ್ಟಿದೆ ಎಂದು ನೋಡಬೇಕಾದರೆ ಹೊರತೊಟ್ಟಿಗೆ ಇಣುಕಬೇಕು. ಅತ್ತೆ ಅದರ ಗೋಡೆಗೆ ಕೆಮ್ಮಣ್ಣಿನಲ್ಲಿ ಮೂರು ಗೀಟು ಎಳೆದಿದ್ದರು: ಕಾಫಿಗೆ ಸಾಕು, ಅನ್ನಕ್ಕೆ ಸಾಕು, ಮುದ್ದೆಗೂ ಸಾಕು.

ಹೊಗೆ ಹೋಯಿತಲ್ಲ ಎಂದು ಎಲ್ಲರೂ ಖುಷಿಪಟ್ಟರಂತೆ. ಆದರೆ ಹೊಗೆಗೂ ಒಂದು ಕೆಲಸ ಇತ್ತು ಎಂದು ತಿಳಿದದ್ದು ಆ ವರ್ಷದ ಮಳೆಗಾಲದಲ್ಲಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ತೂಗಿಬಿಟ್ಟ ಹಂದಿಮಾಂಸಕ್ಕೆ ಬೂಸಲು, ಬಿದಿರು ಬುಟ್ಟಿಗೆ ಬೂಸಲು, ಹೆಂಚಿನ ಕೆಳಗಿನ ರೀಪರಿಗೆ ಹುಳ. ಆಮೇಲೆ ಅತ್ತೆ ಮಳೆ ಹಿಡಿದ ಮೂರು ತಿಂಗಳು ಒಂದು ಸೌದೆ ಒಲೆಯನ್ನು ಹಾಗೇ ಇಟ್ಟುಕೊಂಡರು. ಅಡುಗೆ ಗ್ಯಾಸಿನಲ್ಲಿ, ಹೊಗೆ ಅಟ್ಟಕ್ಕೆ. ಈ ಏರ್ಪಾಡು ಯಾವ ಇಲಾಖೆಯ ಕರಪತ್ರದಲ್ಲೂ ಇರಲಿಲ್ಲ.

ಒಳಗೆ ನಡೆಯುವುದೇನು ಎಂದು ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಕೇಳಿದ್ದ. ಅವನನ್ನು ನಾಟಿಗೆ ಮುಂಚಿನ ಗದ್ದೆಗೆ ಕರೆದುಕೊಂಡು ಹೋದೆ. ನೀರು ನಿಂತ ಗದ್ದೆಯ ಕೆಸರಿಗೆ ಕೋಲು ಚುಚ್ಚಿದರೆ ಗುಳುಗುಳು ಗುಳ್ಳೆ ಏಳುತ್ತದಲ್ಲ, ಅದೇ ಇದು. ಇಟಲಿಯ ವೋಲ್ಟಾ, ಬ್ಯಾಟರಿ ಮಾಡಿದ ಅದೇ ವೋಲ್ಟಾ, 1776ರಲ್ಲಿ ಮಜ್ಜೋರೆ ಎಂಬ ಸರೋವರದ ಅಂಚಿನಲ್ಲಿ ಕೆಸರು ಕೆದಕಿ ಆ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು ಬೆಂಕಿ ಹಚ್ಚಿ ನೋಡಿದ್ದ. ಗಾಳಿಯಾಡದ ಕಡೆ ಕೊಳೆಯುವುದೆಲ್ಲ ಈ ಗಾಳಿ ಬಿಡುತ್ತದೆ. ನೂರು ಪಾಲಿನಲ್ಲಿ 55ರಿಂದ 65 ಪಾಲು ಮೀಥೇನ್, ಅದು ಉರಿಯುವುದು. ಉಳಿದದ್ದು ಹೆಚ್ಚುಕಡಿಮೆ ಇಂಗಾಲದ ಡೈಆಕ್ಸೈಡ್, ಉರಿಯದ್ದು. ಜೊತೆಗೆ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಒಂದಿಷ್ಟು. ಈ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಲ್ಲೇ ಇರುವಂಥವು, ಸಗಣಿಯ ಜೊತೆ ಗುಂಡಿಗೆ ಬರುತ್ತವೆ. ಹಸುವಿಗೆ ನಾಲ್ಕು ಹೊಟ್ಟೆ ಎಂದು ಶಾಲೆಯಲ್ಲಿ ಕಲಿತಿದ್ದ ಮಗ ತಲೆ ಕೆರೆದುಕೊಂಡು, ‘ಹಾಗಾದ್ರೆ ಇದು ಐದನೇದಾ ಅಮ್ಮ?’ ಅಂದ. ಇಷ್ಟು ವರ್ಷದಲ್ಲಿ ಇದರ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಅದಕ್ಕಿಂತ ಸರಿಯಾದದ್ದು ಇಲ್ಲ.

ಹೊಟ್ಟೆ ಎಂದ ಮೇಲೆ ಲೆಕ್ಕವೂ ಹೊಟ್ಟೆಯದೇ. 25 ಕೆ.ಜಿ. ಸಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸ್. ಒಂದು ಘನ ಮೀಟರ್ ಗ್ಯಾಸು ಸಿಲಿಂಡರಿನ ಗ್ಯಾಸಿನ 430 ಗ್ರಾಮಿಗೆ ಸಮ. ಅಂದರೆ 14.2 ಕೆ.ಜಿ.ಯ ಒಂದು ಸಿಲಿಂಡರ್ ಉಳಿಸಬೇಕಾದರೆ 800 ಕೆ.ಜಿ.ಗೂ ಮೀರಿ ಸಗಣಿ ಕಲಸಬೇಕು, ಅಷ್ಟೇ ನೀರು ಹೊರಬೇಕು. ನಮ್ಮದು ಎರಡು ಘನ ಮೀಟರಿನ ಗುಂಡಿ. ದಿನಕ್ಕೆ 50 ಕೆ.ಜಿ. ಕೇಳುತ್ತದೆ. ಕಟ್ಟಿ ಮೇಯಿಸುವ ಸೀಮೆ ಹಸುವಾದರೆ ನಾಲ್ಕೈದು ಸಾಕು. ನಮ್ಮ ಕೊಟ್ಟಿಗೆಯಲ್ಲಿದ್ದವು ಮಲೆನಾಡು ಗಿಡ್ಡ. ಸೊಂಟದೆತ್ತರದ ಜೀವ, ಬೆಳಗ್ಗೆ ಬಿಟ್ಟರೆ ಸಂಜೆವರೆಗೆ ಕಾಡು, ಬಾಣೆ ಸುತ್ತಿ ಬರುವಂಥವು. ಅವು ಹಗಲು ಹಾಕಿದ್ದು ಬಾಣೆಗೆ, ರಾತ್ರಿ ಹಾಕಿದ್ದು ಮಾತ್ರ ನಮಗೆ, ತಲೆಗೆ ಮೂರು ನಾಲ್ಕು ಕೆ.ಜಿ. ಸಬ್ಸಿಡಿ ಕೊಟ್ಟವರು ಕೊಟ್ಟಿಗೆಯಲ್ಲಿ ತಲೆ ಎಣಿಸಿದ್ದರು, ಸಗಣಿ ತೂಗಿರಲಿಲ್ಲ. ನಮ್ಮೂರಲ್ಲಿ ಎಷ್ಟೋ ಗುಂಡಿಗಳು ಕಟ್ಟಿದ ಎರಡು ಮೂರು ವರ್ಷಕ್ಕೇ ಅರೆಹೊಟ್ಟೆಯಲ್ಲಿ ಬಿದ್ದದ್ದು ಇದರಿಂದ. ‘ಆ ಸ್ಕೀಮೇ ಸರಿ ಇರಲಿಲ್ಲ’ ಎಂದು ಈಗಲೂ ಹೇಳುವವರಿದ್ದಾರೆ. ಸ್ಕೀಮು ಸರಿಯೇ ಇತ್ತು, ಹಸು ಬೇರೆ ಇತ್ತು.

ಆಮೇಲೆ ಹಸುಗಳೇ ಹೋದವು. ಗದ್ದೆ ಬೀಳುಬಿಟ್ಟ ಮೇಲೆ ಹುಲ್ಲಿಲ್ಲ, ಮೇಯಿಸಲು ಹುಡುಗರಿಲ್ಲ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. 2011ರಲ್ಲಿ ಕೊನೆಯ ಎರಡನ್ನು ಕೊಟ್ಟಾಗ ಗುಂಡಿಯೂ ನಿಂತಿತು. ಅದರ ಮೇಲೆ ಕೆಸುವಿನ ಗಿಡ ಬೆಳೆಯಿತು. ನನಗೆ ಆಗ ಅದು ನಷ್ಟ ಅನಿಸಲಿಲ್ಲ, ನಿಜ ಹೇಳಬೇಕೆಂದರೆ ಹಗುರವೇ ಅನಿಸಿತು.

ಆದರೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಕಲಗಚ್ಚು. ಅಕ್ಕಿ ತೊಳೆದ ಅಕ್ಕಚ್ಚು, ತರಕಾರಿ ಸಿಪ್ಪೆ, ತಳಹಿಡಿದ ಅನ್ನ, ಹಳಸಿದ ಸಾರು, ಬಾಳೆಕಾಯಿ ಸಿಪ್ಪೆ, ಎಲ್ಲ ಸೇರಿ ಬಾಗಿಲ ಹಿಂದಿನ ಬಕೆಟ್ಟು. ಈ ಮನೆಯಲ್ಲಿ ‘ವೇಸ್ಟು’ ಎನ್ನುವ ಪದ ಯಾರಿಗೂ ಬೇಕಾಗಿರಲಿಲ್ಲ. ಬಕೆಟ್ಟಿಗೆ ಕೈ ಹಾಕಿದರೆ ಕೊಟ್ಟಿಗೆಯಿಂದ ಅಂಬಾ ಎನ್ನುತ್ತಿದ್ದವು. ಹಸು ಹೋದ ಮೇಲೆ ಕಲಗಚ್ಚಿಗೆ ಬಾಯಿ ಇಲ್ಲದಾಯಿತು. ಕಾಫಿ ಗಿಡದ ಬುಡಕ್ಕೆ ಸುರಿದರೆ ಇಲಿ, ಇಲಿ ಹಿಂದೆ ಹಾವು. ದೂರ ಸುರಿದರೆ ಕಾಡುಹಂದಿ. ಅತ್ತೆ ದಿನಾ ಸಂಜೆ ಆ ಬಕೆಟ್ಟು ಹಿಡಿದು ಅಂಗಳದಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು, ಯಾರಿಗೆ ಕೊಡಲಿ ಎನ್ನುವ ಹಾಗೆ.

2018ರ ಆಗಸ್ಟು ಕೊಡಗಿನವರು ಮರೆಯುವ ತಿಂಗಳಲ್ಲ. ತೋಟದ ಮಳೆ ಡಬ್ಬಿಯಲ್ಲಿ ಒಂದೇ ದಿನ 6 ಇಂಚು 40 ಸೆಂಟು ಅಳೆದೆವು. (ಹೊರಗಿನವರಿಗೆ: ನಮ್ಮಲ್ಲಿ ಇಂಚಿಗೆ ನೂರು ಸೆಂಟು, ಮಳೆ ಲೆಕ್ಕಕ್ಕೆ ಮಿಲಿಮೀಟರ್ ಯಾರಿಗೂ ಬೇಡ.) ಮಾದಾಪುರದಿಂದ ಮಕ್ಕಂದೂರು ಕಡೆಗೆ ಹೋಗುವ ರಸ್ತೆಯಲ್ಲಿ ಗುಡ್ಡಗಳೇ ಜಾರಿದ್ದವು. ನಮ್ಮ ಮನೆಗೆ ಏನೂ ಆಗಲಿಲ್ಲ, ಪುಣ್ಯ. ಕರೆಂಟಿಲ್ಲ, ದಾರಿಯಿಲ್ಲ, ಇದ್ದ ಒಂದೇ ಸಿಲಿಂಡರ್ ನಾಲ್ಕನೇ ದಿನಕ್ಕೆ ಮುಗಿಯಿತು. ಸೌದೆ ಕೊಟ್ಟಿಗೆಯ ಶೀಟು ಹಾರಿಹೋಗಿ ಸಿಲ್ವರ್ ಓಕ್ ಸೀಳೆಲ್ಲ ನೆನೆದು ಸ್ಪಂಜಿನಂತಾಗಿತ್ತು. ಮನೆಯಲ್ಲಿ ನಾವು ಐದು ಜನ, ಜೊತೆಗೆ ಮನೆ ಬಿಟ್ಟು ಬಂದಿದ್ದ ನೆಂಟರು ಏಳು. ಕಾಫಿ ಕಾಸಲು ಹಳೇ ಮರದ ಪೆಟ್ಟಿಗೆ ಒಡೆದೆವು. ಹನ್ನೊಂದು ದಿನ. ಆ ಹನ್ನೊಂದು ದಿನವೂ ಅಡುಗೆಮನೆಯ ಕಿಟಕಿಯಿಂದ ಕೆಸುವಿನೆಲೆಯ ಕೆಳಗೆ ಗುಂಡಿ ಕಾಣುತ್ತಿತ್ತು. ಅತ್ತೆ ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಬೇಸಿಗೆಯಲ್ಲಿ ಗುಂಡಿ ತೆರೆಸಿದೆವು. ಇದನ್ನು ಮಾಡಹೊರಟವರಿಗೆ ಒಂದು ಮಾತು: ಹಳೇ ಗುಂಡಿಗೆ ಯಾರನ್ನೂ ಸುಮ್ಮನೆ ಇಳಿಸಬೇಡಿ. ಒಳಗೆ ಉಸಿರಿಗೆ ಬೇಕಾದ ಗಾಳಿ ಇರುವುದಿಲ್ಲ, ಮೊಟ್ಟೆ ವಾಸನೆಯ ಗ್ಯಾಸು ಹೆಚ್ಚಾದರೆ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ. ಬಿದ್ದವನನ್ನು ಎತ್ತಲು ಹೋದವನೂ ಬೀಳುತ್ತಾನೆ. ನಾವು ಟ್ಯಾಂಕರ್ ತರಿಸಿ ಹೊರಗಿನಿಂದಲೇ ಹೀರಿಸಿ, ಹತ್ತು ದಿನ ಬಾಯಿ ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಹಾಯಿಸಿ, ಮೇಸ್ತ್ರಿಯ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದು ನಿಂತ ಮೇಲೆ ಅವರು ಇಳಿದದ್ದು. ಡೋಮಿನಲ್ಲಿ ಕೂದಲೆಳೆಯಂಥ ಎರಡು ಬಿರುಕು. ಪ್ಲಾಸ್ಟರ್ ಮಾಡಿದೆವು. ಬಿರುಕು ಇದ್ದರೆ ಗ್ಯಾಸ್ ಹೋಯಿತು ಎಂಬ ನಷ್ಟ ಒಂದೇ ಅಲ್ಲ. ಮೀಥೇನ್ ಉರಿಯದೆ ಗಾಳಿಗೆ ಸೇರಿದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಸೋರುವ ಗುಂಡಿ ಇಟ್ಟುಕೊಂಡು ಪರಿಸರದ ಮಾತಾಡುವುದಕ್ಕಿಂತ ಸಗಣಿಯನ್ನು ತಿಪ್ಪೆಗೆ ಹಾಕುವುದು ಮೇಲು.

ಊಟಕ್ಕೆ ಏನು? ಹಸು ಒಂದೇ ಒಂದು ತಂದೆವು. ಆರು ಹಂದಿ ಸಾಕಿದೆವು. ಅವಕ್ಕೆ ಅಕ್ಕಿ ಮಿಲ್ಲಿನ ತೌಡು, ಕೆಸು, ಹಲಸು ಹಾಕುತ್ತೇವೆ. ಹಂದಿ ಸಗಣಿಯಲ್ಲಿ ಕೆ.ಜಿ.ಗೆ ಹಸುವಿನದಕ್ಕಿಂತ ಹೆಚ್ಚು ಗ್ಯಾಸ್ ಬರುತ್ತದೆ, ಹಸು ತನ್ನ ನಾಲ್ಕು ಹೊಟ್ಟೆಯಲ್ಲಿ ಮೊದಲೇ ಹಿಂಡಿಕೊಂಡ ಸತ್ವ ಹಂದಿಯದರಲ್ಲಿ ಉಳಿದಿರುತ್ತದೆ. ಆದರೆ ಅದರಿಂದಲೇ ಶುರುಮಾಡಿದರೆ ಗುಂಡಿ ಮೆಲ್ಲಗೆ ಏಳುತ್ತದೆ, ಹೆಪ್ಪಿಗೆ ಹಸುವಿನ ಸಗಣಿ ಬೇಕು. ಪಕ್ಕದೂರಿನಿಂದ ಒಂದು ಟ್ರ್ಯಾಕ್ಟರ್ ಲೋಡು ಸಗಣಿ ತಂದು ಕಲಸಿ ತುಂಬಿದೆವು. ಮೊದಲು ಬಂದ ಗ್ಯಾಸ್ ಉರಿಯಲೇ ಇಲ್ಲ, ಅದು ಡೈಆಕ್ಸೈಡೇ ಹೆಚ್ಚು, ಬಿಟ್ಟುಬಿಡಬೇಕು. ಹತ್ತೊಂಬತ್ತನೇ ದಿನ ಸಂಜೆ ಒಲೆ ಹತ್ತಿತು. ಉರಿ ಎಷ್ಟು ತಿಳಿನೀಲಿ ಎಂದರೆ ಲೈಟು ಆರಿಸಿದ ಮೇಲೆಯೇ ನನಗೆ ಕಂಡದ್ದು.

ಹಂದಿ ಸಗಣಿಯ ವಿಷಯಕ್ಕೆ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ‘ಹಂದಿ ಕಕ್ಕಸಿನ ಬೆಂಕಿಯಲ್ಲಿ ದೇವರ ಎಡೆಗೆ ಪಾಯಸ ಮಾಡ್ತೀಯಾ?’ ಎಂದು ಅತ್ತೆ. ಹಂದಿಸಾರು ಎಂದರೆ ಎರಡು ಸಲ ಬಡಿಸಿಕೊಳ್ಳುವವರು! ನಮ್ಮವರು ನಕ್ಕು, ‘ಅವ್ವಾ, ಸಿಲಿಂಡರ್ ಗ್ಯಾಸ್ ಬರೋದು ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿ ಸತ್ತು ಕೊಳೆತ ಜೀವಿಗಳಿಂದ. ಅದು ಮಡಿಯಾ?’ ಅಂದರು. ಅತ್ತೆ ಒಪ್ಪಲಿಲ್ಲ. ಈಗಲೂ ಹಬ್ಬದ ದಿನ ಎಡೆಯ ಅಡುಗೆ ಸೌದೆ ಒಲೆಯಲ್ಲಿ, ಉಳಿದ ಅಡುಗೆ ಗುಂಡಿಯಲ್ಲಿ. ನನಗೆ ಇದರಲ್ಲಿ ತಕರಾರಿಲ್ಲ. ಅಟ್ಟಕ್ಕೆ ಹೊಗೆಯೂ ಆಯಿತು.

ಕಲಗಚ್ಚನ್ನು ಗುಂಡಿಗೆ ಹಾಕುವ ಯೋಚನೆ ಬಂದದ್ದು ಪುಣೆಯ ಒಂದು ಸಂಸ್ಥೆಯ ಕೆಲಸದ ಬಗ್ಗೆ ಓದಿ. ಆನಂದ ಕರ್ವೆ ಎಂಬ ಸಸ್ಯವಿಜ್ಞಾನಿ ಕಟ್ಟಿದ ಆರ್ತಿ ಸಂಸ್ಥೆಯವರು ಸಗಣಿಯ ಬದಲು ಹಿಟ್ಟು, ಅನ್ನ, ಕೊಳೆತ ಹಣ್ಣಿನಂಥ ಪದಾರ್ಥ ಹಾಕುವ ಪುಟ್ಟ ಗ್ಯಾಸ್ ತೊಟ್ಟಿ ಮಾಡಿ 2006ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಪಡೆದಿದ್ದರು. ಅವರ ತರ್ಕ ಸರಳ: ಸಗಣಿ ಎಂದರೆ ಹಸು ಉಂಡು ಮಿಕ್ಕಿದ್ದು. ಉಣ್ಣುವ ಮೊದಲಿನದನ್ನೇ ಸೂಕ್ಷ್ಮಜೀವಿಗೆ ಕೊಟ್ಟರೆ ಕಡಿಮೆ ತೂಕಕ್ಕೆ ಹಲವು ಪಟ್ಟು ಗ್ಯಾಸ್, ಅದೂ ನಲವತ್ತು ದಿನ ಕಾಯದೆ. ಓದಿದವಳೇ ಬಕೆಟ್ಟು ಎತ್ತಿದೆ. ಒಂದು ವಾರಕ್ಕೇ ಗೀಟು ‘ಮುದ್ದೆಗೂ ಸಾಕು’ ದಾಟಿತು. ಕಲಗಚ್ಚಿಗೆ ಮತ್ತೆ ಬಾಯಿ ಸಿಕ್ಕಿತು ಎಂದು ಬೀಗಿದೆ.

ಬೀಗಿದ್ದಕ್ಕೆ ಫಲ ಮಗಳ ನಿಶ್ಚಿತಾರ್ಥದಲ್ಲಿ ಸಿಕ್ಕಿತು. ನೂರೈವತ್ತು ಜನ ಎಂದುಕೊಂಡಿದ್ದೆವು, ಮಳೆಗೆ ನೂರೇ ಬಂದರು. ಅನ್ನ, ಪಾಯಸ, ಕಡುಬು, ಸಾರಿನ ಮೇಲೆ ಕಟ್ಟಿದ ಕೊಬ್ಬು, ಎಲ್ಲ ಸೇರಿ ಒಂದೂವರೆ ಡ್ರಮ್ಮು. ಹೂಳುವುದಕ್ಕೆ ಮನಸ್ಸು ಬರಲಿಲ್ಲ. ಎರಡೇ ದಿನದಲ್ಲಿ ಅಷ್ಟನ್ನೂ ಗುಂಡಿಗೆ ಇಳಿಸಿದೆ. ಮೊದಲ ರಾತ್ರಿ ಹೊರತೊಟ್ಟಿ ಉಕ್ಕಿ ಹರಿಯಿತು, ಗ್ಯಾಸೋ ಗ್ಯಾಸು. ಮಾರನೇ ದಿನ ಒಲೆ ಹಚ್ಚಿದರೆ ಉರಿ ಬರ್ನರಿನ ಮೇಲೆ ಕೂರುವುದಿಲ್ಲ, ಹಾರಿಹೋಗುತ್ತದೆ. ಮೂರನೇ ದಿನ ಕಡ್ಡಿಯೇ ಆರಿಹೋಯಿತು. ಹೊರತೊಟ್ಟಿಯ ಬಗ್ಗಡ ಎಂದಿನ ಮಣ್ಣು ವಾಸನೆ ಬಿಟ್ಟು ಹುಳಿ ಬಂದ ಹೆಂಡದ ವಾಸನೆ ಹೊಡೆಯುತ್ತಿತ್ತು. ಕಾಫಿ ಹಣ್ಣು ಸುಲಿದ ಪಲ್ಪಿಂಗ್ ನೀರು ನೋಡಲು ತಂದಿಟ್ಟಿದ್ದ, ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದೆ. ಏಳರ ಆಸುಪಾಸಿನಲ್ಲಿ ಇರಬೇಕಾದದ್ದು ಐದೂವರೆ ತೋರಿಸಿತು.

ಅಜೀರ್ಣ. ಬೇರೆ ಹೆಸರೇ ಇಲ್ಲ ಅದಕ್ಕೆ. ಗುಂಡಿಯಲ್ಲಿ ಎರಡು ಬಗೆಯ ಆಳುಗಳಿದ್ದಾರೆ. ಒಂದು ಪಂಗಡ ಅನ್ನವನ್ನು ಒಡೆದು ಹುಳಿ ಮಾಡುತ್ತದೆ, ಇನ್ನೊಂದು ಆ ಹುಳಿಯನ್ನು ತಿಂದು ಮೀಥೇನ್ ಬಿಡುತ್ತದೆ. ಮೊದಲನೆಯವರು ಚುರುಕು, ದುಡುಕು. ಎರಡನೆಯವರು ನಿಧಾನಸ್ಥರು, ಹುಳಿ ಹೆಚ್ಚಾದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತಾರೆ. ದಿನಾ ಒಂದೇ ಅಳತೆ, ಒಂದೇ ಹೊತ್ತು ಇದ್ದರೆ ಇಬ್ಬರೂ ಹೊಂದಿಕೊಂಡು ಹೋಗುತ್ತಾರೆ. ಒಂದು ದಿನ ಹಬ್ಬ ಮಾಡಿದರೆ ಕೆಡುತ್ತದೆ. ಮದ್ದೂ ಹೊಟ್ಟೆಯದೇ, ಲಂಘನ. ಹದಿನೈದು ದಿನ ಏನೂ ಹಾಕಲಿಲ್ಲ. ಎರಡು ಸಲ ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಆಮೇಲೆ ಪಕ್ಕದ ಮನೆಯಿಂದ ದಿನಕ್ಕೆ ಒಂದು ಬಾಂಡ್ಲಿ ಬಿಸಿ ಸಗಣಿ ತಂದು ಕಲಸಿದೆ. ಇಪ್ಪತ್ತಾರನೇ ದಿನ ಉರಿ ಕೂತಿತು. ಅತ್ತೆ ಅಷ್ಟೂ ದಿನ ಸೊಸೆಗೆ ಒಂದೇ ಮಾತು: ‘ಬಸುರಿ ಹಸುಗೆ ಕೂಡ ನಾವು ಕಲಗಚ್ಚು ಒಂದೇ ಬಕೆಟ್ಟು ಇಡ್ತಿದ್ದೆವು.’

ಈಗ ದಿನಕ್ಕೆ ನಾಲ್ಕು ಕೆ.ಜಿ., ಅದಕ್ಕಿಂತ ಒಂದು ಮುಷ್ಟಿ ಹೆಚ್ಚಿಲ್ಲ, ಅದೂ ಹಳೇ ಗ್ರೈಂಡರಿನಲ್ಲಿ ಒಂದು ಸುತ್ತು ತಿರುವಿ. ಮೂಳೆ, ಮೊಟ್ಟೆಚಿಪ್ಪು, ತೆಂಗಿನನಾರು ಹಾಕುವುದಿಲ್ಲ, ತಳದಲ್ಲಿ ಕೂತು ಜಾಗ ತಿನ್ನುತ್ತವೆ. ಕಿತ್ತಳೆ ಸಿಪ್ಪೆಯಂತೂ ಬೇಡವೇ ಬೇಡ. ಕೊಡಗಿನಲ್ಲಿ ಕೂತು ಕಿತ್ತಳೆ ಬೇಡ ಅನ್ನುವುದು ಕಷ್ಟ, ಆದರೆ ಸಿಪ್ಪೆ ಹಿಂಡಿದರೆ ಕಣ್ಣಿಗೆ ಸಿಡಿಯುವ ಆ ಎಣ್ಣೆ ಇದೆಯಲ್ಲ, ಲಿಮೊನೀನ್, ಅದು ಸೂಕ್ಷ್ಮಜೀವಿಗಳಿಗೆ ವಿಷ. ಸಿಪ್ಪೆ ಒಣಗಿಸಿ ಹಂಡೆ ಒಲೆಗೆ ಹಾಕುತ್ತೇನೆ, ಚಟಚಟ ಉರಿಯುತ್ತದೆ. ಹೋಮ್‌ಸ್ಟೇ ನಡೆಸುವ ಪರಿಚಯದವರೊಬ್ಬರು ತಮ್ಮಲ್ಲಿ ಮಿಕ್ಕಿದ್ದನ್ನೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ವಾರಾಂತ್ಯಕ್ಕೆ ನಲವತ್ತು ಕೆ.ಜಿ., ಸೋಮವಾರದಿಂದ ಶೂನ್ಯ. ಹಾಗೆ ಉಂಡರೆ ಯಾವ ಹೊಟ್ಟೆ ಉಳಿದೀತು? ಬೇಡ ಎಂದೆ. ಅವರಿಗೆ ಬೇಜಾರಾಯಿತು. ಪ್ರವಾಸಿಗರು ಬಿಟ್ಟುಹೋದ ಅನ್ನ ಈ ಜಿಲ್ಲೆಗೆ ನಿಜವಾದ ತಲೆನೋವು, ಅದಕ್ಕೆ ಗುಂಡಿ ಖಂಡಿತ ಉತ್ತರವಾದೀತು. ಆದರೆ ಅದು ಅವರ ಹಿತ್ತಲಲ್ಲೇ ಇದ್ದು, ಶನಿವಾರದ ಅನ್ನವನ್ನು ಗುರುವಾರದವರೆಗೆ ಹಂಚಿ ಹಾಕುವ ವ್ಯವಧಾನ ಇದ್ದರೆ.

ಮಳೆಗಾಲದ ವಿಷಯ ಇನ್ನಷ್ಟು ಹೇಳಬೇಕು, ಬಯಲುಸೀಮೆಯವರು ಬರೆದದ್ದರಲ್ಲಿ ಇದು ಇರುವುದಿಲ್ಲ. ಈ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಹಿತ. 20ಕ್ಕೆ ಇಳಿದರೆ ಮೈಗಳ್ಳರಾಗುತ್ತವೆ, 10ಕ್ಕೆ ಮಲಗಿಬಿಡುತ್ತವೆ. ನಮ್ಮಲ್ಲಿ ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಹಗಲಲ್ಲೇ ಸ್ವೆಟರು. ಸೌದೆ ನೆನೆದು, ದಾರಿ ಕಡಿದು, ಗ್ಯಾಸು ಅತಿ ಬೇಕಾದ ಹೊತ್ತಿಗೇ ಗುಂಡಿ ಅರ್ಧ ಕೊಡುತ್ತದೆ. ಇದಕ್ಕೆ ನಾವು ಮಾಡುವುದು ಮೂರು ನಾಲ್ಕು ಸಣ್ಣ ಉಪಾಯ. ಡೋಮಿನ ಮೇಲೆ ಒಂದಡಿ ಮಣ್ಣು, ಅದರ ಮೇಲೆ ಕಾಫಿ ಸಿಪ್ಪೆ, ಒಣಹುಲ್ಲು, ಮೇಲೊಂದು ಶೀಟು. ಡೋಮಿನ ಸುತ್ತ ಕಾಂಪೋಸ್ಟ್ ರಾಶಿ, ಅದು ತನ್ನ ಪಾಡಿಗೆ ಬಿಸಿಯಾಗಿ ಗುಂಡಿಗೆ ಮಗ್ಗುಲಲ್ಲಿ ಕಾವು ಕೊಡುತ್ತದೆ. ಕಲಸಲು ಹಂಡೆಯಲ್ಲಿ ಮಿಕ್ಕ ಬಿಸಿನೀರು. ಎಲ್ಲಕ್ಕಿಂತ ಮುಖ್ಯ, ಎರಡೂ ತೊಟ್ಟಿಗೆ ಮುಚ್ಚಳ, ಸುತ್ತ ಒಂದು ಚರಂಡಿ. ಒಂದು ವರ್ಷ ಮುಚ್ಚಳ ಸರಿದಿದ್ದು ಯಾರಿಗೂ ಗೊತ್ತಾಗದೆ ಮಳೆ ನೀರು ಇಳಿದು ಬಗ್ಗಡ ತೆಳ್ಳಗಾಗಿ ಪೂರ್ತಿ ಆಗಸ್ಟ್ ಒಲೆ ಹತ್ತಲಿಲ್ಲ.

ಪಲ್ಪಿಂಗ್ ನೀರನ್ನೂ ಗುಂಡಿಗೆ ಬಿಡಬಹುದಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರಿನಲ್ಲಿ ಸಕ್ಕರೆ, ಲೋಳೆ ಎಲ್ಲ ಇದೆ, ಗ್ಯಾಸಿಗೆ ಒಳ್ಳೆಯದೇ. ದೊಡ್ಡ ತೋಟಗಳಿಗೆ ಸುಣ್ಣ ಬೆರೆಸಿ ಹುಳಿ ಮುರಿದು ಗ್ಯಾಸ್ ಎತ್ತುವ ವಿಧಾನಗಳೂ ಇವೆ. ನಮ್ಮಂಥ ಮನೆ ಗುಂಡಿಗೆ ಅದು ಆಗುವ ಕೆಲಸವಲ್ಲ. ಆ ನೀರು ಪಿಎಚ್ ನಾಲ್ಕಕ್ಕೆ ಇಳಿಯುತ್ತದೆ, ಬಂದರೆ ಒಂದೂವರೆ ತಿಂಗಳು ಸಾವಿರಗಟ್ಟಲೆ ಲೀಟರ್, ಆಮೇಲೆ ಇಲ್ಲ. ಹಳ್ಳಕ್ಕೆ ಬಿಡುವವರಂತೂ ಇದ್ದೇ ಇದ್ದಾರೆ. ಆ ಹಳ್ಳ ಹಾರಂಗಿಗೆ, ಹಾರಂಗಿ ಕಾವೇರಿಗೆ. ಜನವರಿಯಲ್ಲಿ ಹಳ್ಳದ ಮೀನು ಮೇಲೆ ತೇಲಿದ್ದು ನೋಡಿದ ಮೇಲೆ ತೀರ್ಥೋದ್ಭವಕ್ಕೆ ಹೋಗಿ ಕೈಮುಗಿಯುವುದು ನನಗೆ ಸ್ವಲ್ಪ ಮುಜುಗರದ ಸಂಗತಿ.

ಬಗ್ಗಡದ ಬಗ್ಗೆ ಬರೆಯಹೊರಟರೆ ಇನ್ನೊಂದು ಬರಹವಾಗುತ್ತದೆ. ಗ್ಯಾಸ್ ಹೋದರೂ ಸಗಣಿಯ ಸಾರಜನಕ ಹೋಗುವುದಿಲ್ಲ, ಗಿಡ ಬೇಗ ಹೀರುವ ರೂಪಕ್ಕೆ ಬರುತ್ತದೆ. ನಾತವಿಲ್ಲ, ನೊಣ ಕೂರುವುದಿಲ್ಲ. ಒಂದಕ್ಕೆ ಮೂರು ನೀರು ಬೆರೆಸಿ ಮೆಣಸಿನ ಬಳ್ಳಿಗೆ ಬುಡದಿಂದ ಒಂದಡಿ ದೂರ ಹಾಕುತ್ತೇನೆ. ನಮ್ಮವರು ಗ್ಯಾಸಿನ ಲೆಕ್ಕ ಬಿಟ್ಟರೂ ಬಗ್ಗಡದ ಲೆಕ್ಕ ಬಿಡುವುದಿಲ್ಲ. ಸಿಲಿಂಡರ್ 35 ದಿನಕ್ಕೆ ಮುಗಿಯುತ್ತಿದ್ದದ್ದು ಈಗ ಮೂರು ತಿಂಗಳು ಬರುತ್ತದೆ ಎಂದು ನಾನು ಹೇಳಿದರೆ, ‘ಗೊಬ್ಬರದ ಮೂಟೆ ಎಷ್ಟು ಕಡಿಮೆಯಾಯ್ತು ಅದು ಹೇಳು’ ಎನ್ನುತ್ತಾರೆ.

ಇಷ್ಟೆಲ್ಲ ಬರೆಯುತ್ತಾ ನಾನು ಒಂದು ಕಡೆ ಜಾರಿಕೊಂಡಿದ್ದೇನೆ. ‘ಕಲಸಿದೆವು’, ‘ಹಾಕುತ್ತೇವೆ’ ಎಂದೆನಲ್ಲ, ಯಾರು?

ಹಿಂದೆ ಕಲಸುತ್ತಿದ್ದದ್ದು ಅತ್ತೆ. ಬಳೆ ಮೊಣಕೈಗೆ ಏರಿಸಿಕೊಂಡು, ತೊಟ್ಟಿಯ ಅಂಚಿಗೆ ಕೂತು, ಎರಡೂ ಕೈ ಇಳಿಬಿಟ್ಟು, ಒಣಹುಲ್ಲಿನ ಎಳೆ, ಕಲ್ಲು, ಗಂಟು ಎಲ್ಲವನ್ನೂ ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದರು. ಹದ ನೋಡುವುದು ಹೀಗೆ: ಕೈ ಎತ್ತಿ ಬೆರಳು ಅಗಲಿಸಬೇಕು. ಬೆರಳ ಸಂದಿಯಲ್ಲಿ ಪೊರೆ ಕಟ್ಟಿ ನಿಂತರೆ ಗಟ್ಟಿ. ಕೂಡಲೇ ತೊಟ್ಟಿಕ್ಕಿ ಚರ್ಮ ಕಂಡರೆ ನೀರು ಹೆಚ್ಚು. ಉದ್ದಿನ ದೋಸೆ ಹಿಟ್ಟಿನ ಹಾಗೆ ಮೆಲ್ಲಗೆ ಜಾರಿ ತೆಳುವಾಗಿ ಅಂಟಿರಬೇಕು. ನೀರುದೋಸೆಯ ಹದ ಖಂಡಿತ ಅಲ್ಲ. ಸಗಣಿಗೆ ಅಷ್ಟೇ ನೀರು ಎಂದು ಕರಪತ್ರದಲ್ಲಿ ಬರೆದಿರುವುದು ಇದನ್ನೇ. ಅವರಿಗೆ ಕೀಲುನೋವು ಹಿಡಿದ ಮೇಲೆ, ಗುಂಡಿ ಮತ್ತೆ ಶುರುವಾದ ಮೇಲೆ, ಆ ಕೆಲಸ ನನಗೆ ಬರಲಿಲ್ಲ. ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಹುಡುಗಿಗೆ ಹೋಯಿತು. ಪಿರಿಯಾಪಟ್ಟಣ ಕಡೆಯವಳು, ಗಂಡ ನಮ್ಮ ತೋಟದಲ್ಲೇ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡುತ್ತಾನೆ. ದಿನಾ ಬೆಳಗ್ಗೆ ಹಂದಿಗೂಡು ತೊಳೆದು, ಕಲಸಿ, ಗುಂಡಿಗೆ ಬಿಟ್ಟು, ಆಮೇಲೆ ತೋಟದ ಕೆಲಸ. ನಾನು ಗುಂಡಿಯ ಪಿಎಚ್ಚು, ಡಿಗ್ರಿ, ಘನ ಮೀಟರು ಎಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅವಳ ಅರ್ಧ ಗಂಟೆಗೆ ಅದರಲ್ಲಿ ಕಾಲಮ್ಮು ಇರಲಿಲ್ಲ.

ಒಂದು ದಿನ ಅವಳು ಕೈ ತೊಳೆಯುತ್ತಾ, ಜಗಳದ ದನಿಯಲ್ಲಲ್ಲ, ಸುಮ್ಮನೆ ಕೇಳಿದಳು: ‘ಅಕ್ಕಾ, ಗ್ಯಾಸು ನಿಮ್ಗೆ, ನಾತ ನಂಗಾ?’

ಅವಳು ಅಡುಗೆ ಮಾಡುತ್ತಿದ್ದದ್ದು ಒದ್ದೆ ಕಾಫಿ ಕಡ್ಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ. ನಮ್ಮ ಅಡುಗೆಮನೆಯಿಂದ ನಲವತ್ತು ಮೀಟರ್ ದೂರ. ಬೆಳಗ್ಗೆ ಆ ಹೆಂಚಿನ ಸಂದಿಯಿಂದ ಹೊಗೆ ಏಳುವುದನ್ನು ನಾನು ಎಷ್ಟೋ ಸಲ ಫೋಟೋ ತೆಗೆದು ‘ಕೊಡಗಿನ ಮುಂಜಾವು’ ಎಂದು ಸ್ಟೇಟಸ್ ಹಾಕಿದ್ದೆ.

ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯ ನೆನಪಾಯಿತು. ಸೌದೆ ಉಳಿಸುವ ಅಸ್ತ್ರ ಒಲೆ ಕೊಟ್ಟ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಮಾಡುತ್ತಿದ್ದ ಅಸ್ತ್ರದವರು, ಅಮೂಲ್ಯ ರೆಡ್ಡಿಯವರ ತಂಡ, ಅಲ್ಲಿ ಇಡೀ ಊರಿಗೆ ಒಂದು ಗುಂಡಿ ಕಟ್ಟಿದ್ದರು. ಮೊದಲು ಅಡುಗೆಗೆಂದು ಯೋಚಿಸಿದ್ದರಂತೆ, ಊರಿನ ಸಗಣಿ ಎಲ್ಲರ ಒಲೆಗೆ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟರು. ನನಗೆ ಅದರಲ್ಲಿ ಹಿಡಿಸಿದ್ದು ಎಂಜಿನ್ ಅಲ್ಲ. ಸಗಣಿ ಹೊತ್ತು ತಂದವರಿಗೆ ಅಲ್ಲಿ ತೂಕದ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರು, ಬಗ್ಗಡವನ್ನೂ ವಾಪಸ್ ಕೊಡುತ್ತಿದ್ದರು. ಹೊರುವ ಕೈಯನ್ನು ಎಣಿಸಿದ್ದರು.

ಲೈನ್ ಮನೆಗೆ ಪೈಪು ಎಳೆಸಿದೆವು. ಹೇಳುವಷ್ಟು ಸುಲಭವಾಗಲಿಲ್ಲ. ಗುಂಡಿ ಗ್ಯಾಸಿಗೆ ಸಿಲಿಂಡರಿನ ಹಾಗೆ ಒತ್ತಡ ಇಲ್ಲ, ದೂರ ಹೋದಷ್ಟೂ ಬಡವಾಗುತ್ತದೆ. ಅರ್ಧ ಇಂಚಿನ ಪೈಪು ಹಾಕಿದಾಗ ಅಲ್ಲಿ ಉರಿ ಕಾಣಲೇ ಇಲ್ಲ. ಒಂದು ಇಂಚಿನದಕ್ಕೆ ಬದಲಾಯಿಸಿದೆವು, ನಡುವೆ ಎರಡು ನೀರು ಬಿಡುವ ನಲ್ಲಿ ಇಟ್ಟೆವು. ಮಾಮೂಲಿ ಸಿಲಿಂಡರ್ ಒಲೆಯ ತೂತು ಚಿಕ್ಕದು, ಈ ಗ್ಯಾಸಿಗೆ ಅದು ಸಾಲದು, ಬೇರೆ ಬರ್ನರ್ ತರಿಸಿದೆವು. ಈಗ ಅಲ್ಲಿ ಎರಡು ಬೆರಳೆತ್ತರದ ಉರಿ ಬರುತ್ತದೆ. ಇಬ್ಬರೂ ಒಟ್ಟಿಗೆ ಹಚ್ಚಿದರೆ ಇಬ್ಬರಿಗೂ ಇಲ್ಲ. ಅವಳ ಮಗಳ ಶಾಲೆ ಬಸ್ಸು ಏಳಕ್ಕೆ ಬರುತ್ತದೆ, ಆದ್ದರಿಂದ ಆರೂವರೆವರೆಗೆ ಗ್ಯಾಸು ಅವರದು, ಆಮೇಲೆ ನಮ್ಮದು. ಮೊದಲು ಬರೆದೆನಲ್ಲ, ಐದೂವರೆಗೆ ಹಾಲಿಡುವುದು, ಅದು ಈಗ ಅವಳ ಬಸ್ಸಿಗೆ ರಜೆ ಇದ್ದ ದಿನ ಮಾತ್ರ.

ವಾರಕ್ಕೆ ಮೂರು ದಿನ ಕಲಸುವ ಸರದಿ ನನ್ನದು. ಇವತ್ತು ಗುರುವಾರ, ನನ್ನದೇ. ಮಳೆ ಸ್ವಲ್ಪ ಬಿಟ್ಟಿತ್ತು. ಹಂಡೆಯ ಬಿಸಿನೀರು ಸುರಿದು, ಬಳೆ ಏರಿಸಿ, ಕೈ ಇಳಿಸಿದೆ. ಗಂಟು ಒಡೆದು, ಕೈ ಎತ್ತಿ, ಬೆರಳು ಅಗಲಿಸಿ ನೋಡಿ, ಸರಿಯಿದೆ ಎಂದುಕೊಂಡು ಬಿರಡೆ ಎಳೆದೆ. ಗಳಗಳನೆ ಇಳಿಯಿತು. ಒಳಗಿನಿಂದ ಅತ್ತೆ, ಈಗ ಅವರಿಗೆ ಕಣ್ಣು ಮಂಜು, ಯಾರು ಎಂದು ಕಾಣುವುದಿಲ್ಲ, ಎಂದಿನಂತೆ ಕೂಗಿ ಕೇಳಿದರು.

‘ಗುಂಡಿಗೆ ಊಟ ಆಯ್ತಾ?’

ನಾನು ಉತ್ತರ ಕೊಡುವ ಮೊದಲೇ ಹಂದಿಗೂಡಿನ ಕಡೆಯಿಂದ ಅವಳು ಹೇಳಿದಳು. ‘ಆಯ್ತು ಅಜ್ಜೀ. ಅಕ್ಕ ಹಾಕಿದ್ರು. ನೀರು ಸ್ವಲ್ಪ ಜಾಸ್ತಿ.’